ಸಂಗೀತ ಉತ್ಸವದ ಡಾಕ್ಯುಮೆಂಟರಿ ಫೋಟೊಗ್ರಫಿ: ಒಬ್ಬ ಮಾಸ್ಟ್ರ ಪಕ್ಕದಲ್ಲಿ ಕೂತು ಕಲಿಯುವ ಬಗೆ

ಕಲಿಯಲು ಶುರುಮಾಡಿದ ಮೊದಲ ವರ್ಷ. ಉಡುಪಿ ಕೃಷ್ಣ ಮಠದ ರಾಜಾಂಗಣದಲ್ಲಿ ಒಂದು ಗಾಯನ ಕಛೇರಿ ಇತ್ತು. ಅವತ್ತು 640 ಫ್ರೇಮ್ ತೆಗೆದೆ. ಮರುದಿನ ಚಂದ ಕಂಡ 20 ಚಿತ್ರ ಆರಿಸಿಕೊಂಡು ಮಾಸ್ಟ್ರ ಮನೆಗೆ ಹೋದೆ. ಅವರು ಆ 20ನ್ನು ನೋಡಲೇ ಇಲ್ಲ. "ಉಳಿದದ್ದು ಎಲ್ಲುಂಟು? ಕಾರ್ಡ್ ಕೊಡಿ" ಎಂದರು.

ಎರಡು ಗಂಟೆ ಒಂದೊಂದೇ ಚಿತ್ರ ನೋಡಿದರು. ಅರ್ಧ ದಾಟಿದ ಮೇಲೆ ಒಂದು ಕಡೆ ಕೈ ನಿಂತಿತು. ಆ ಚಿತ್ರದಲ್ಲಿ ಹಾಡುವವರು ಮಸುಕಾಗಿದ್ದರು. ಫೋಕಸ್ ತಪ್ಪಿ ಹಿಂದೆ ತಂಬೂರಿ ಹಿಡಿದು ಕೂತಿದ್ದ ಹುಡುಗಿಯ ಮೇಲೆ ಬಿದ್ದಿತ್ತು. ಅವಳು ಗುರುಗಳ ಬೆನ್ನನ್ನೇ ನೋಡುತ್ತಾ, ಸದ್ದಿಲ್ಲದೆ ಅದೇ ಸಾಲನ್ನು ತುಟಿಯಲ್ಲೇ ಹಾಡುತ್ತಿದ್ದಳು. "ಇದನ್ನು ಯಾಕೆ ಬಿಟ್ರಿ?" ಎಂದು ಕೇಳಿದರು. ಫೋಕಸ್ ತಪ್ಪಿದೆ ಅಂತ ಬಿಟ್ಟಿದ್ದೆ.

ಕ್ಯಾಮೆರಾದ ಬಟನ್‌ಗಳನ್ನು ಯೂಟ್ಯೂಬ್ ನೋಡಿ ಪುಕ್ಕಟೆ ಕಲಿಯಬಹುದು. ನೀವು ಬಿಟ್ಟ ಚಿತ್ರಗಳನ್ನು ಪಕ್ಕದಲ್ಲಿ ಕೂತು ನೋಡುವವರು ಅಲ್ಲಿ ಸಿಗುವುದಿಲ್ಲ. ಖಾಸಗಿಯಾಗಿ ಒಬ್ಬರ ಹತ್ತಿರ ಕಲಿಯಲು ದುಡ್ಡು ಕೊಡುವುದಾದರೆ ಇದಕ್ಕೇ ಕೊಡಬೇಕು. ಮುಂದೆ ಬರೆದ ಹಂತಗಳೆಲ್ಲ ಈ ಒಂದು ಕೆಲಸಕ್ಕೆ ತಯಾರಿ ಎಂದುಕೊಳ್ಳಿ.

ಹಂತ 1: ಮೊದಲ ಮೂರು ಕಛೇರಿಗೆ ಕ್ಯಾಮೆರಾ ಬೇಡ

ನಮ್ಮ ಕರಾವಳಿಯಲ್ಲಿ ಕಲಿಯಲು ಜಾಗಕ್ಕೆ ಬರವಿಲ್ಲ. ರಾಜಾಂಗಣದಲ್ಲಿ ಸಂಜೆ ಹೊತ್ತು ಸಂಗೀತ, ನೃತ್ಯ, ಯಕ್ಷಗಾನ ನಡೆಯುತ್ತಲೇ ಇರುತ್ತವೆ. ಮಂಗಳೂರಿನಲ್ಲಿ ಪುರಭವನ ಉಂಟು, ಡಾನ್ ಬಾಸ್ಕೊ ಹಾಲ್ ಉಂಟು. ಶಕ್ತಿನಗರದ ಕಲಾಂಗಣದಲ್ಲಿ ಕೊಂಕಣಿ ಹಾಡಿನ ಕಾರ್ಯಕ್ರಮಗಳು ಬಯಲಲ್ಲೇ ನಡೆಯುತ್ತವೆ. ಆ ಕಲಾಂಗಣ ಕಟ್ಟಿದ ಮಾಂಡ್ ಸೊಭಾಣ್ ಎಂಬ ಕೊಂಕಣಿ ಸಂಸ್ಥೆಯವರು 2008ರಲ್ಲಿ 40 ಗಂಟೆ ಬಿಡದೆ ಕೊಂಕಣಿ ಹಾಡು ಹಾಡಿಸಿ ಗಿನ್ನೆಸ್ ದಾಖಲೆ ಮಾಡಿದವರು. ದೊಡ್ಡ ವೇದಿಕೆ ಬೇಕಾದರೆ ಮೂಡುಬಿದಿರೆಯ ಆಳ್ವಾಸ್ ವಿರಾಸತ್ ಎಂಬ ಸಾಂಸ್ಕೃತಿಕ ಉತ್ಸವ ಇದೆ.

ಇವುಗಳಲ್ಲಿ ಸಣ್ಣದನ್ನು ಆರಿಸಿ. ಮೂರು ಸಲ ಸುಮ್ನೆ ಹೋಗಿ ಕೂತು ಕೇಳಿ. ಒಂದು ನೋಟ್‌ಬುಕ್ ಸಾಕು. ಯಾವಾಗ ಏನಾಯಿತು ಎಂದು ಬರೆದುಕೊಳ್ಳಿ.

ಕರ್ನಾಟಕ ಸಂಗೀತದ ಕಛೇರಿಗೆ ಒಂದು ನಡೆ ಇರುತ್ತದೆ. ಹೆಚ್ಚಾಗಿ ವರ್ಣ ಎಂಬ ಬಗೆಯ ರಚನೆಯಿಂದ ಶುರು. ನಂತರ ಕೆಲವು ಕೃತಿಗಳು. ನಡುವೆ ಒಂದು ದೊಡ್ಡ ರಾಗ ವಿಸ್ತಾರವಾಗಿ ಬರುತ್ತದೆ. ಅದರ ಕೊನೆಗೆ ತನಿ ಆವರ್ತನ, ಅಂದರೆ ಮೃದಂಗ, ಘಟ, ಖಂಜೀರದವರು ಮಾತ್ರ ನುಡಿಸುವ ಭಾಗ. ಆಮೇಲೆ ದೇವರನಾಮದಂಥ ಸಣ್ಣ ಸಣ್ಣ ಹಾಡುಗಳು, ಕಡೆಗೆ ಮಂಗಳ. ಇದು ಗೊತ್ತಿದ್ದರೆ ತನಿಗೆ ಹತ್ತು ನಿಮಿಷ ಮೊದಲೇ ಸರಿಯಾದ ಜಾಗಕ್ಕೆ ಹೋಗಿ ಕೂರುತ್ತೀರಿ. ಗೊತ್ತಿಲ್ಲದವರು ತನಿ ಶುರುವಾದ ಮೇಲೆ ಎದ್ದು, ಜನರ ಕಾಲು ತುಳಿದುಕೊಂಡು ಓಡುತ್ತಾರೆ.

ಇನ್ನೊಂದು ವಿಷಯ ಗಮನಿಸಿ. ಸಾಮಾನ್ಯವಾಗಿ ಮೃದಂಗದವರು ಹಾಡುವವರ ಬಲಕ್ಕೆ, ವಯಲಿನ್‌ನವರು ಎಡಕ್ಕೆ ಕೂರುತ್ತಾರೆ. ಮೃದಂಗದ ಬಲಗಡೆಯ ಚರ್ಮದ ಮುಖ ಜನರ ಕಡೆ ಇರಲಿ ಎಂದು ಈ ವ್ಯವಸ್ಥೆ. ನುಡಿಸುವವರು ಎಡಚರಾದರೆ ಇಬ್ಬರೂ ಜಾಗ ಬದಲಾಯಿಸಿಕೊಳ್ಳುತ್ತಾರೆ. ಹಾಗಾಗಿ ಮೃದಂಗದವರ ಮುಖ ಮತ್ತು ಬಲಗೈ ಒಟ್ಟಿಗೆ ಬೇಕಾದರೆ ನೀವು ವೇದಿಕೆಗೆ ಮುಖ ಮಾಡಿ ಕೂತ ಸಭೆಯ ಬಲ ಮೂಲೆಯಲ್ಲಿರಬೇಕು. ನಾನು ಒಂದು ವರ್ಷ ಎಡ ಮೂಲೆಯಲ್ಲಿ ಕೂತು, ಎಲ್ಲ ಮೃದಂಗದವರ ಕಿವಿಯ ಫೋಟೊ ಮಾತ್ರ ತೆಗೆದಿದ್ದೇನೆ.

ಹಂತ 2: ಮಾಸ್ಟ್ರನ್ನು ಹುಡುಕುವುದು

ಇದರಲ್ಲಿ ಅವಸರ ಬೇಡ. ನಮ್ಮೂರಲ್ಲಿ ಮೂರು ಬಗೆಯವರು ಸಿಗುತ್ತಾರೆ. ಪತ್ರಿಕೆಗೆ ಚಿತ್ರ ತೆಗೆದು ಪಳಗಿದವರು, ಮದುವೆ ಫೋಟೊಗ್ರಾಫರ್‌ಗಳು, ಮಣಿಪಾಲ ಅಥವಾ ಮಂಗಳೂರಿನ ಕಾಲೇಜುಗಳಲ್ಲಿ ಮಾಧ್ಯಮ ಓದಿ ಸ್ವಂತ ಕೆಲಸ ಮಾಡುವವರು. ಪತ್ರಿಕೆಯವರಿಗೆ ವೇಗ ಜಾಸ್ತಿ. ಒಂದೇ ಚಿತ್ರದಲ್ಲಿ ವಿಷಯ ಮುಗಿಸುವ ಅಭ್ಯಾಸ ಅವರದು. ಮದುವೆಯವರಿಗೆ ಕತ್ತಲೆಯಲ್ಲಿ ಕೆಲಸ ಮಾಡುವುದು ನೀರು ಕುಡಿದಷ್ಟು ಸುಲಭ. ಆದರೆ ಅವರಲ್ಲಿ ಕೆಲವರಿಗೆ "ಸ್ವಲ್ಪ ಈಚೆ ನೋಡಿ" ಎನ್ನದೆ ಇರಲು ಆಗುವುದಿಲ್ಲ. ಡಾಕ್ಯುಮೆಂಟರಿಯಲ್ಲಿ ಆ ಮಾತು ಆಡುವ ಹಾಗಿಲ್ಲ. ನಡೆಯುವುದು ನಡೆದ ಹಾಗೇ ಸಿಗಬೇಕು.

ಯಾರೇ ಆಗಲಿ, ಅವರ ಅತ್ಯುತ್ತಮ ಹತ್ತು ಚಿತ್ರ ನೋಡಿ ತೀರ್ಮಾನ ಮಾಡಬೇಡಿ. ಒಂದೇ ಕಾರ್ಯಕ್ರಮದ ಪೂರ್ತಿ ಸೆಟ್ ತೋರಿಸಲು ಕೇಳಿ. ಅದರಲ್ಲಿ ವೇದಿಕೆ ಬಿಟ್ಟು ಬೇರೇನಿದೆ? ಕಲಾವಿದರು ಬರುವ ಮೊದಲು, ಹೋದ ಮೇಲೆ ಏನಿದೆ? ಜನ ಕಾಣುತ್ತಾರಾ? ಹಾಗೇ ಇನ್ನೊಂದು ಪ್ರಶ್ನೆ ಕೇಳಿ: "ನೀವು ತೆಗೆಯುವಾಗ ನಾನು ನೋಡಬೇಕಾ, ನಾನು ತೆಗೆಯುವಾಗ ನೀವು ನೋಡುತ್ತೀರಾ?" ಎರಡನೆಯದಕ್ಕೆ ಒಪ್ಪುವವರು ಬೇಕು.

ಈ ಪ್ರಶ್ನೆ ಕೇಳದೆ ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ. ಮೊದಲು ಸೇರಿದ್ದು ಬೇರೊಬ್ಬರ ಹತ್ತಿರ. ಮೂರು ತಿಂಗಳ ದುಡ್ಡು ಮೊದಲೇ ಕೊಟ್ಟೆ. ಅಷ್ಟೂ ದಿನ ಅವರ ಬ್ಯಾಗ್ ಹೊತ್ತೆ, ಬ್ಯಾಟರಿ ಚಾರ್ಜ್ ಮಾಡಿದೆ, ಟ್ರೈಪಾಡ್ ಹಿಡಿದೆ. ನನ್ನ ಒಂದೇ ಒಂದು ಚಿತ್ರವನ್ನು ಅವರು ತೆರೆದು ನೋಡಲಿಲ್ಲ. ಸಹಾಯಕನಾಗಿ ದುಡಿಯುವುದರಲ್ಲಿ ತಪ್ಪಿಲ್ಲ. ಆದರೆ ಅದಕ್ಕೆ ಅವರು ನಿಮಗೆ ದುಡ್ಡು ಕೊಡಬೇಕು.

ಮಾತು ಕೂಡಿದ ಮೇಲೆ ನಾಲ್ಕು ವಿಷಯ ಕಾಗದದಲ್ಲಿ ಬರಲಿ: ಎಷ್ಟು ಪಾಠ, ಪ್ರತಿ ಪಾಠ ಎಷ್ಟು ಹೊತ್ತು, ಶುಲ್ಕ ಎಷ್ಟು ಮತ್ತು ಯಾವಾಗ, ಚಿತ್ರಗಳು ಯಾರವು. ಕೊನೆಯದರ ಬಗ್ಗೆ ಸಂಕೋಚ ಬೇಡ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರ ತೆಗೆದವರೇ ಅದರ ಮೊದಲ ಒಡೆಯರು. ಆದರೆ ಯಾರಾದರೂ ದುಡ್ಡು ಕೊಟ್ಟು ನಿಮ್ಮಿಂದ ಚಿತ್ರ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಹಕ್ಕು ತೆಗೆಸಿದವರಿಗೆ ಹೋಗುತ್ತದೆ. ಮುಂದೆ ಸಂಘಟಕರು ನಿಮ್ಮನ್ನು ಕರೆದು ಸಂಭಾವನೆ ಕೊಡುವ ದಿನ ಬಂದಾಗಲೂ ಈ ವಿಷಯ ನೆನಪಿರಲಿ.

ಹಂತ 3: ಪಾಠದ ಲೆಕ್ಕ

ನಾನು ಹೇಳುವುದು ಎಂಟು ಪಾಠ. ನಾಲ್ಕು ಉತ್ಸವದ ಜಾಗದಲ್ಲಿ, ನಾಲ್ಕು ಮೇಜಿನ ಮುಂದೆ. ಒಂದು ಹೊರಗೆ, ಮರುವಾರವೇ ಒಂದು ಒಳಗೆ. ನಾಲ್ಕು ಕಾರ್ಯಕ್ರಮ ತೆಗೆದು ಕೊನೆಗೆ ಒಟ್ಟಿಗೆ ನೋಡೋಣ ಎಂದರೆ ಒಂದೇ ತಪ್ಪನ್ನು ನಾಲ್ಕು ಸಲ ಮಾಡಿರುತ್ತೀರಿ.

ಕಾಲವೂ ಮುಖ್ಯ. ನಮ್ಮಲ್ಲಿ ಬಯಲಿನ ಕಾರ್ಯಕ್ರಮಗಳು ಮಳೆ ಬಿಟ್ಟ ಮೇಲೆ ಶುರುವಾಗಿ ಮೇ ತಿಂಗಳ ಪತ್ತನಾಜೆ (ತುಳುನಾಡಿನಲ್ಲಿ ಆಟ, ಕೋಲಗಳು ಆ ವರ್ಷಕ್ಕೆ ನಿಲ್ಲುವ ದಿನ) ತನಕ ನಡೆಯುತ್ತವೆ. ಮಳೆಗಾಲದಲ್ಲಿ ಹೆಚ್ಚಾಗಿ ಹಾಲ್ ಒಳಗಿನ ಕಛೇರಿಗಳೇ. ಹಾಗಾಗಿ ಜುಲೈ, ಆಗಸ್ಟ್‌ನಲ್ಲಿ ಹಾಲ್‌ನಲ್ಲಿ ಕಲಿತು ನವರಾತ್ರಿ ಹೊತ್ತಿಗೆ ಹೊರಗೆ ಬನ್ನಿ. ಒಂದೇ ಬಗೆಯ ಬೆಳಕು ಇರುವ ಹಾಲ್‌ನಲ್ಲಿ ಕೈ ಕೂತರೆ ಆಮೇಲೆ ಬಣ್ಣದ ಲೈಟಿಗೆ ಹೆದರಿಕೆ ಆಗುವುದಿಲ್ಲ.

ಹಂತ 4: ಕ್ಯಾಮೆರಾ ಮತ್ತು ಸೆಕೆ

ಕೈಯಲ್ಲಿರುವ ಕ್ಯಾಮೆರಾ ಸಾಕು. ಲೆನ್ಸ್ ಕೊಳ್ಳುವುದಾದರೆ 50 ಎಂಎಂ ಎಫ್ 1.8 ಮೊದಲು (ಎಫ್ ಅಂದರೆ ಲೆನ್ಸ್ ಎಷ್ಟು ತೆರೆಯುತ್ತದೆ ಎಂಬ ಅಳತೆ; ಸಂಖ್ಯೆ ಸಣ್ಣದಾದಷ್ಟು ಬೆಳಕು ಜಾಸ್ತಿ). ದೊಡ್ಡ ಜೂಮ್‌ಗಿಂತ ತುಂಬಾ ಅಗ್ಗ, ಕಡಿಮೆ ಬೆಳಕಿಗೆ ಒಳ್ಳೆಯದು. ಸಣ್ಣ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಇರುವ ಕ್ಯಾಮೆರಾಕ್ಕೆ ಹಾಕಿದರೆ ಅದು ಸುಮಾರು 75 ಎಂಎಂ ಲೆನ್ಸ್‌ನಷ್ಟು ಹತ್ತಿರ ತೋರಿಸುತ್ತದೆ.

ಸೆಟ್ಟಿಂಗ್ ಮ್ಯಾನುವಲ್ ಇರಲಿ, ಅಂದರೆ ಎಲ್ಲವನ್ನೂ ನೀವೇ ಹೊಂದಿಸಿ. ಹಿಂದೆ ಕಪ್ಪು ಪರದೆ, ಮುಂದೆ ಬೆಳಗುವ ಮುಖ. ಕ್ಯಾಮೆರಾಕ್ಕೆ ಬಿಟ್ಟರೆ ಅದು ಪರದೆ ನೋಡಿ ಮುಖವನ್ನು ಅತಿ ಬೆಳ್ಳಗೆ ಮಾಡಿ ಸುಟ್ಟುಬಿಡುತ್ತದೆ. ಮುಖದ ಬೆಳಕು ಅಳೆದು ಅದಕ್ಕೆ ಹೊಂದಿಸಿ ಬಿಟ್ಟುಬಿಡಿ. ಶುರುವಿಗೆ ಎಫ್ 2.8, ಶಟರ್ (ಬೆಳಕು ಒಳಗೆ ಬಿಡುವ ಹೊತ್ತು) 1/200 ಸೆಕೆಂಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಳತೆ) 3200 ಇಟ್ಟು ನೋಡಿ. ಬೆಳಕು ಕಡಿಮೆಯಾದರೆ ಐಎಸ್‌ಒ 6400ಕ್ಕೆ ಏರಿಸಿ. ಚಿತ್ರದಲ್ಲಿ ಸ್ವಲ್ಪ ಕಾಳು ಕಾಳು ಬಂದರೆ ಪರವಾಗಿಲ್ಲ. ಅಲ್ಲಾಡಿದ ಚಿತ್ರಕ್ಕೆ ಮದ್ದಿಲ್ಲ. ಫೈಲ್ ರಾ (ಕ್ಯಾಮೆರಾ ತಿದ್ದದೆ ಕೊಡುವ ಮೂಲ ಫೈಲ್) ಇರಲಿ, ಬಣ್ಣ ಆಮೇಲೆ ಸರಿಮಾಡಬಹುದು.

ಶಟರ್ ಆರಿಸುವುದು ವಾದ್ಯ ನೋಡಿ. ಮೃದಂಗದ ಬೆರಳು ನಿಲ್ಲಿಸಬೇಕಾದರೆ 1/500 ಬೇಕು. ಆದರೆ ಎಲ್ಲವನ್ನೂ ನಿಲ್ಲಿಸಿದರೆ ತನಿ ಆವರ್ತನದ ಚಿತ್ರ ಕಲ್ಲಿನ ವಿಗ್ರಹದ ಹಾಗೆ ಕಾಣುತ್ತದೆ. 1/60ಕ್ಕೆ ಇಳಿಸಿ ಹತ್ತು ಫ್ರೇಮ್ ತೆಗೆಯಿರಿ. ಮುಖ ಸ್ಪಷ್ಟ, ಕೈ ಮಾತ್ರ ಹೊಗೆಯ ಹಾಗೆ ಇರುವ ಒಂದು ಸಿಕ್ಕೀತು. ವಯಲಿನ್‌ನ ಕಮಾನಿಗೂ ಹೀಗೇ. ಕೊಳಲಿನವರ ಮುಖ ಜಾಸ್ತಿ ಅಲ್ಲಾಡುವುದಿಲ್ಲ, ನಿಧಾನ ಶಟರ್ ಸಾಕು.

ನಮ್ಮಲ್ಲಿ ಸ್ಯಾಕ್ಸೊಫೋನ್ ವಿಷಯ ಬೇರೆಯೇ ಹೇಳಬೇಕು. ಬಂಟ್ವಾಳದ ಸಜೀಪದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಬಿಬಿಸಿ ಉತ್ಸವದಲ್ಲೂ ನುಡಿಸಿದರು. ಅವರಿಂದಾಗಿ ನಮಗೆ ಅದು ಮನೆಯ ವಾದ್ಯದ ಹಾಗೆಯೇ ಆಗಿಹೋಗಿದೆ. ಆದರೆ ಹಿತ್ತಾಳೆ ಮೈ ಪ್ರತಿ ಲೈಟನ್ನೂ ಹಿಂದಕ್ಕೆ ಎಸೆಯುತ್ತದೆ. ಎರಡು ಹೆಜ್ಜೆ ಆಚೀಚೆ ಸರಿದು ನೋಡಿ. ಹೊಳಪು ಮುಖದ ಕಡೆಯಿಂದ ಬೆರಳ ಕಡೆಗೆ ಹರಿದು ಹೋಗುವ ಜಾಗ ಒಂದು ಸಿಗುತ್ತದೆ.

ಎಲ್‌ಇಡಿ ಲೈಟ್ ಇನ್ನೊಂದು ತಲೆನೋವು. ನಮ್ಮ ಕರೆಂಟು 50 ಹರ್ಟ್ಸ್. ಹಾಗಾಗಿ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಚಿತ್ರದಲ್ಲಿ ಅಡ್ಡ ಪಟ್ಟೆ ಬರುತ್ತದೆ. ಶಟರ್ 1/100 ಅಥವಾ 1/50 ಇಟ್ಟರೆ ಹೆಚ್ಚಿನ ಸಲ ಹೋಗುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಪಟ್ಟೆ ಜಾಸ್ತಿ. ಆದರೆ ಆಲಾಪನೆ ಹೊತ್ತಿಗೆ ಟಕಟಕ ಸದ್ದು ಮಾಡುವುದೂ ತಪ್ಪು ಅಲ್ವಾ? ಕಾರ್ಯಕ್ರಮಕ್ಕೆ ಮೊದಲೇ ಆ ಲೈಟಿನಲ್ಲಿ ಹತ್ತು ಚಿತ್ರ ತೆಗೆದು ನೋಡಿಕೊಳ್ಳಿ. ವಿರಾಸತ್‌ನಂಥ ದೊಡ್ಡ ವೇದಿಕೆಯಲ್ಲಿ ಕೆಂಪು, ನೀಲಿ ಲೈಟ್ ಮುಖಕ್ಕೆ ಹೊಡೆದಾಗ ವಿವರ ಎಲ್ಲ ಕರಗಿ ಹೋಗುತ್ತದೆ. ಆಗ ಕ್ಯಾಮೆರಾ ಒಳಗೆ ಹೋಗುವ ಬೆಳಕು ಒಂದು ಹಂತ, ಅಂದರೆ ಅರ್ಧಕ್ಕೆ, ಕಡಿಮೆ ಮಾಡಿ. ಇಲ್ಲದಿದ್ದರೆ ಬಿಳಿ ಲೈಟ್ ಬರುವ ತನಕ ಕಾಯಿರಿ.

ಕರಾವಳಿಯವರಿಗೆ ಒಂದು ಎಚ್ಚರಿಕೆ. ಎಸಿ ಹಾಲ್‌ನಿಂದ ಹೊರಗಿನ ಸೆಕೆಗೆ ಬಂದ ಕೂಡಲೇ ಲೆನ್ಸ್ ಮೇಲೆ ಹಬೆ ಕೂರುತ್ತದೆ. ಹೊರಬರುವ ಮೊದಲು ಕ್ಯಾಮೆರಾ ಬ್ಯಾಗಿಗೆ ಹಾಕಿ ಜಿಪ್ ಎಳೆದು, ಹೊರಗೆ ಬಂದು ಅರ್ಧ ಗಂಟೆ ಬಿಟ್ಟು ತೆಗೆಯಿರಿ. ಮಳೆಗಾಲದಲ್ಲಿ ಲೆನ್ಸ್ ಒಳಗೆ ಫಂಗಸ್ ಬರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಚರ್ಮದ ಬ್ಯಾಗಿನಲ್ಲಿ ಇಟ್ಟು ಕಪಾಟಿಗೆ ಹಾಕಿದರೆ ಎರಡೇ ಮಳೆಗಾಲ ಸಾಕು, ಲೆನ್ಸ್ ಹಾಳು.

ಹಂತ 5: ಕೇಳಿಕೊಂಡೇ ಹೋಗುವುದು

ಸಂಘಟಕರಿಗೆ ವಾರ ಮೊದಲೇ ಹೇಳಿ. ಮಾಸ್ಟ್ರ ಪರಿಚಯ ಇಲ್ಲಿ ಕೆಲಸಕ್ಕೆ ಬರುತ್ತದೆ, ಆದರೆ ಮಾತು ನೀವೇ ಆಡಿ. ಕಲಿಯುತ್ತಿದ್ದೇನೆ ಎಂದೇ ಹೇಳಿ. ಮೂರು ಪ್ರಶ್ನೆ ಕೇಳಿ: ಎಲ್ಲಿ ಕೂರಬಹುದು, ಯಾವಾಗ ಓಡಾಡಬಹುದು, ಗ್ರೀನ್‌ರೂಮಿಗೆ ಬರಬಹುದಾ. ಫ್ಲ್ಯಾಶ್ ಬಗ್ಗೆ ಕೇಳುವುದೇ ಬೇಡ, ಹಾಕಬೇಡಿ. ಪಾಪ್, ರಾಕ್ ಕಾರ್ಯಕ್ರಮಗಳಲ್ಲಿ ಮೊದಲ ಮೂರು ಹಾಡಿಗೆ ಮಾತ್ರ ಫೋಟೊ, ಫ್ಲ್ಯಾಶ್ ಇಲ್ಲ ಎಂಬ ರೂಢಿ ಹಲವು ಕಡೆ ಇದೆ. ನಮ್ಮ ಕಛೇರಿಗಳಲ್ಲಿ ಅಂಥ ಲೆಕ್ಕ ಇಲ್ಲದಿದ್ದರೂ ಚಪ್ಪಾಳೆಯ ಹೊತ್ತಲ್ಲಿ ಮಾತ್ರ ಏಳಿ.

ಯಕ್ಷಗಾನದ ಚೌಕಿಗೆ (ವೇಷ ಕಟ್ಟುವ ಜಾಗಕ್ಕೆ) ಹೋಗುವುದಾದರೆ ಇನ್ನೂ ಮೆತ್ತಗೆ ಹೋಗಬೇಕು. ಅಲ್ಲಿ ಗಣಪತಿಗೆ ದೀಪ ಇಟ್ಟಿರುತ್ತಾರೆ. ಚಪ್ಪಲಿ ಹೊರಗೆ ಬಿಡಿ. ಬಣ್ಣ ಹಚ್ಚುವವರ ಕನ್ನಡಿಗೂ ಅವರಿಗೂ ನಡುವೆ ಬರಬೇಡಿ. ಒಂದು ಗಂಟೆ ಸುಮ್ನೆ ಕೂತರೆ ನೀವಿರುವುದು ಅವರಿಗೆ ಮರೆತುಹೋಗುತ್ತದೆ. ನಿಜವಾದ ಚಿತ್ರಗಳು ಸಿಗುವುದು ಆಮೇಲೆಯೇ.

ಹಂತ 6: ಉತ್ಸವದ ದಿನ

ಕಾರ್ಯಕ್ರಮ ಆರಕ್ಕಾದರೆ ನಾಲ್ಕಕ್ಕೇ ಹೋಗಿ. ಆ ಎರಡು ಗಂಟೆಯಲ್ಲೇ ಅರ್ಧ ಕತೆ ಇದೆ. ಜಮಖಾನ ಹಾಸುವವರು, ಮೈಕಿನವರ "ಹಲೋ, ಒನ್, ಟೂ", ಶ್ರುತಿ ಸೇರಿಸುವುದು, ಮೃದಂಗಕ್ಕೆ ರವೆ ಕಲಸಿ ಮೆತ್ತುವುದು, ಅಡುಗೆಯವರು ಬಂದವರಿಗೆಲ್ಲ ಚಹಾ ಕೊಡುವುದು, ಮೊದಲ ಸಾಲಿನ ಕುರ್ಚಿಗೆ ಬಟ್ಟೆ ಹಾಕಿ ಜಾಗ ಹಿಡಿಯುವ ಅಜ್ಜಂದಿರು. 1969ರ ವುಡ್‌ಸ್ಟಾಕ್ ಉತ್ಸವದ ಚಿತ್ರ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಬೆಳಗಿನ ಹೊತ್ತು ಕೌದಿ ಹೊದ್ದು ತಬ್ಬಿ ನಿಂತ ಹುಡುಗ ಹುಡುಗಿ. ಬರ್ಕ್ ಅಜ಼ಲ್ ತೆಗೆದದ್ದು. ಆ ಉತ್ಸವದ ಧ್ವನಿಮುದ್ರಿಕೆಯ ಹೊದಿಕೆಗೂ ಅದನ್ನೇ ಹಾಕಿದರು. ಅದರಲ್ಲಿ ವೇದಿಕೆ ಇಲ್ಲ, ಹಾಡುವವರೂ ಇಲ್ಲ.

ಮಾಸ್ಟ್ರು ಜೊತೆಗಿದ್ದರೆ ಅವತ್ತು ಅವರಿಗೆ ಕ್ಯಾಮೆರಾ ತರಬೇಡಿ ಎಂದು ಹೇಳಿ. ನನ್ನ ಮಾಸ್ಟ್ರು ತರುತ್ತಿರಲಿಲ್ಲ. ಹತ್ತು ಅಡಿ ದೂರದಲ್ಲಿ ಕೂತು ಸಂಗೀತ ಕೇಳುತ್ತಿದ್ದರು. ನಡುವೆ ಒಮ್ಮೆ ಬಂದು ಕಿವಿಯಲ್ಲಿ ಒಂದೇ ಮಾತು ಹೇಳಿ ಹೋಗುತ್ತಿದ್ದರು: "ಹಿಂದೆ ತಿರುಗಿ ನೋಡಿ." ತಿರುಗಿದರೆ ಸಭೆ. ಒಬ್ಬರು ತೊಡೆ ಮೇಲೆ ತಾಳ ಹಾಕುತ್ತಿದ್ದಾರೆ, ಪಕ್ಕದಲ್ಲಿ ಮೊಮ್ಮಗ ನಿದ್ದೆ ಹೋಗಿದ್ದಾನೆ.

ಮೈಕ್ ಬಾಯಿ ಮುಚ್ಚುತ್ತದೆ ಎಂಬುದು ಎಲ್ಲರ ದೂರು. ನೇರ ಎದುರು ಕೂತರೆ ಹಾಗೇ. 45 ಡಿಗ್ರಿ ಓರೆಯಾಗಿ, ಮೈಕ್ ಕಂಬ ಇಲ್ಲದ ಕಡೆಯಿಂದ ತೆಗೆಯಿರಿ. ಹಾಡುವವರು ಉಸಿರು ತೆಗೆದುಕೊಳ್ಳುವಾಗ ತಲೆ ಹಿಂದೆ ಹೋಗುತ್ತದೆ. ಸಂಗತಿ (ಒಂದು ಸಾಲನ್ನೇ ಬಗೆಬಗೆಯಾಗಿ ಬೆಳೆಸಿ ಹಾಡುವುದು) ಮುಗಿದ ಆ ಕ್ಷಣ, ಪಕ್ಕವಾದ್ಯದವರತ್ತ ತಿರುಗಿ ನಗುವ ಕ್ಷಣ, ಇವೆರಡಕ್ಕೆ ಕಾಯಿರಿ. ಕೇಳಿಕೊಂಡು ತೆಗೆದರೆ ಇದು ತಾನಾಗಿ ಬರುತ್ತದೆ.

ನಾಲ್ಕು ಹೊರ ಪಾಠದಲ್ಲಿ ಒಂದಾದರೂ ಬೀದಿಯಲ್ಲಿರಲಿ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ ಜೋಡುಕಟ್ಟೆಯಿಂದ ಹೊರಡುವ ಪರ್ಯಾಯ ಮೆರವಣಿಗೆ (ಕೃಷ್ಣ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ದಿನದ್ದು), ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವದಲ್ಲಿ ತಾಸೆ ಎಂಬ ಚರ್ಮವಾದ್ಯದ ಬಡಿತಕ್ಕೆ ಕುಣಿಯುವ ಹುಲಿವೇಷ, ಇಲ್ಲೆಲ್ಲ ನಿಮಗೆ ಕೂರುವ ಜಾಗ ಇಲ್ಲ, ಬೆಳಕು ನಿಮ್ಮ ಕೈಯಲ್ಲಿಲ್ಲ. ತಾಸೆ ಬಡಿಯುವವರ ಮುಂದೆ ಹಿಂದಕ್ಕೆ ಹೆಜ್ಜೆ ಹಾಕುತ್ತಾ ತೆಗೆಯುವುದು ಅಭ್ಯಾಸವಾಗಬೇಕು. ಹಾಗೆ ಹಿಂದಕ್ಕೆ ನಡೆಯುವಾಗ ಮಾಸ್ಟ್ರು ನಿಮ್ಮ ಬೆನ್ನು ಹಿಡಿದುಕೊಂಡರೆ ಉಪಕಾರ.

ಹಂತ 7: ಮೇಜಿನ ಮುಂದೆ

ಪೂರ್ತಿ ಕಾರ್ಡ್ ತೆಗೆದುಕೊಂಡು ಹೋಗಿ. ಒಂದೂ ಅಳಿಸಬೇಡಿ. ಮೊದಲ ಸುತ್ತಲ್ಲಿ ಇಬ್ಬರೂ ಮಾತಾಡದೆ ಎಲ್ಲ ನೋಡಿ. ಎರಡನೇ ಸುತ್ತಲ್ಲಿ ನೀವು 60 ಆರಿಸಿ, ಅವರೂ ಬೇರೆಯಾಗಿ 60 ಆರಿಸಲಿ. ಆಮೇಲೆ ಎರಡೂ ಪಟ್ಟಿ ಪಕ್ಕಪಕ್ಕ ಇಡಿ. ಇಬ್ಬರೂ ಆರಿಸಿದ್ದರ ಬಗ್ಗೆ ಮಾತು ಬೇಡ. ಅವರು ಆರಿಸಿ ನೀವು ಬಿಟ್ಟದ್ದು, ನೀವು ಆರಿಸಿ ಅವರು ಬಿಟ್ಟದ್ದು, ಪಾಠ ಇರುವುದು ಇವೆರಡರಲ್ಲಿ. ಪ್ರತಿಯೊಂದಕ್ಕೂ ಯಾಕೆ ಎಂದು ಕೇಳಿ. ಅವರಿಗೂ ಸಮಾಧಾನದ ಉತ್ತರ ಸಿಗದಿದ್ದರೆ ಆ ಚಿತ್ರ ಉಳಿಸಿಕೊಳ್ಳಿ, ಮುಂದಿನ ಸಲ ಮತ್ತೆ ನೋಡಿ.

ಕೊನೆಗೆ 12 ಉಳಿಸಿ. 12ರಲ್ಲೂ ಹಾಡುವವರ ಮುಖವೇ ಇದ್ದರೆ ಅದು ಕಾರ್ಯಕ್ರಮದ ವರದಿ ಮಾತ್ರ. ಜಾಗ, ಕೈಗಳು, ಜನ, ತಯಾರಿ, ಖಾಲಿಯಾದ ವೇದಿಕೆ, ಇವೂ ಸೇರಲಿ. ಚಿತ್ರಗಳನ್ನು ಸಾಧಾರಣ ಕಾಗದದಲ್ಲಿ ಸಣ್ಣದಾಗಿ ಪ್ರಿಂಟ್ ಹಾಕಿ ಮೇಜಿನ ಮೇಲೆ ಹರಡಿ, ಕೈಯಿಂದ ಹಿಂದೆ ಮುಂದೆ ಮಾಡಿ ನೋಡಿ. ಕಂಪ್ಯೂಟರ್ ಪರದೆಯಲ್ಲಿ ಸಾಲು ಹೊಂದಿಸಲು ನನಗೆ ಈಗಲೂ ಆಗುವುದಿಲ್ಲ.

ಅದೇ ದಿನ ಅಡಿಬರಹ ಬರೆಯಿರಿ. ಯಾರು, ಎಲ್ಲಿ, ಯಾವ ತಾರೀಕು, ಏನು ನುಡಿಸುತ್ತಿದ್ದರು. ತಂಬೂರಿಯವರ, ಮೈಕಿನವರ ಹೆಸರೂ ಕೇಳಿ ಬರೆದುಕೊಳ್ಳಿ. ಹತ್ತು ವರ್ಷ ಕಳೆದ ಮೇಲೆ ಹೆಸರಿಲ್ಲದ ಚಿತ್ರ ಯಾರದೋ ಚಿತ್ರವಾಗಿಬಿಡುತ್ತದೆ. ಫೈಲ್‌ಗಳು ಎರಡು ಹಾರ್ಡ್‌ಡಿಸ್ಕ್‌ನಲ್ಲಿರಲಿ, ಒಂದು ಬೇರೆ ಮನೆಯಲ್ಲಿ.

ಹಂತ 8: ಕೊಟ್ಟು ಬರುವುದು

12ರಲ್ಲಿ ಇರುವ ಪ್ರತಿಯೊಬ್ಬರಿಗೂ ಒಂದು ಪ್ರಿಂಟ್ ಕೊಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರೆ ಸಾಲದು, ಕಾಗದದ ಮೇಲೆ ಕೊಡಿ. ಸಂಘಟಕರಿಗೆ, ಕಲಾವಿದರಿಗೆ, ಜಮಖಾನ ಹಾಸಿದವರಿಗೆ. ಯಾರಾದರೂ "ಇದು ಹೊರಗೆ ಹಾಕಬೇಡಿ" ಎಂದರೆ ಹಾಕಬೇಡಿ, ಮತ್ತೆ ವಾದ ಬೇಡ.

ರಾಜಾಂಗಣದ ಆ ತಂಬೂರಿ ಹುಡುಗಿಯ ಚಿತ್ರ ಅವಳಿಗೇ ತಲುಪಿಸಿದೆ. ಅವತ್ತು ಮೈಕಿನವರಿಗೂ ಒಂದು ಕೊಟ್ಟಿದ್ದೆ. ವಯರ್ ಸುತ್ತಿಕೊಂಡು ಹೆಗಲಿಗೆ ಹಾಕಿದ್ದ ಚಿತ್ರ. ಅವರು ತುಂಬಾ ಹೊತ್ತು ನೋಡಿದರು. ಮುಂದಿನ ಕಾರ್ಯಕ್ರಮದ ದಿನ ನಾನು ಹೋಗುವ ಮೊದಲೇ ಸಭೆಯ ಬಲ ಮೂಲೆಯಲ್ಲಿ, ಸ್ಪೀಕರ್ ಬದಿಗೆ ಸರಿಸಿ, ನನಗೆಂದು ಒಂದು ಮಣೆ ಇಟ್ಟಿದ್ದರು.